ಬೆಳಗ್ಗೆ ಬಿಗಿಯುವ ಬೋಲ್ಟು

ಕೋವಿಗಳ ಬಗ್ಗೆ ನನಗೆ ಯಾವ ಮಮತೆಯೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮೈಸೂರಿನಲ್ಲಿ ಬೆಳೆದವಳು. ನಮ್ಮ ಮನೆಯಲ್ಲಿದ್ದ ಅತಿ ದೊಡ್ಡ ಆಯುಧವೆಂದರೆ ಈಳಿಗೆಮಣೆ. ಅಮೆರಿಕದ ಜಾರ್ಜಿಯಾದ ಅಲ್ಫರೆಟಾಗೆ ಬಂದು ಇಷ್ಟು ವರ್ಷವಾದರೂ, ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಹಾಲು ಕೊಳ್ಳಲು ಬಂದವನನ್ನು ಅಂಗಡಿಯಲ್ಲಿ ಕಂಡರೆ, ಬೇಡದಿದ್ದರೂ ನಾನು ಮೊಸರಿನ ಸಾಲಿಗೆ ಹೋಗಿ ನಿಂತುಬಿಡುತ್ತೇನೆ. ಅಂಥವಳು ಒಂದು ನವೆಂಬರ್ ತಿಂಗಳು ಪೂರ್ತಿ ಹಳೆಯ ಮಿಲಿಟರಿ ರೈಫಲ್ ಒಂದರ ಹಿಂದೆ ಬಿದ್ದಿದ್ದೆ. ಅದಕ್ಕೆ ಕಾರಣ ನಮ್ಮ ಪಕ್ಕದ ಮನೆಯ ಅಂಕಲ್.

ಅಂಕಲ್ ಕೊಡಗಿನವರು. ಎಪ್ಪತ್ತರ ದಶಕದಲ್ಲಿ ಈ ದೇಶಕ್ಕೆ ಬಂದು, ಮೂಳೆ ಕೂಡಿಸುವ ಸರ್ಜನ್ ಆಗಿ, ಅಟ್ಲಾಂಟಾ ಸುತ್ತಮುತ್ತಲಿನ ಅರ್ಧ ಜನರ ಮಂಡಿ, ಸೊಂಟ ರಿಪೇರಿ ಮಾಡಿ ನಿವೃತ್ತರಾದವರು. ಮಿತಭಾಷಿ. ಆದರೆ ಅವರ ಕೈ ಮಾತಾಡುತ್ತಿತ್ತು. ಕಾಫಿಯನ್ನು ಲೋಟದಿಂದ ಡವರಕ್ಕೆ ಮೊಳದುದ್ದ ಎತ್ತಿ ಹುಯ್ಯುವಾಗ ಒಂದು ಹನಿ ಹೊರಗೆ ಬಿದ್ದದ್ದನ್ನು ನಾನು ನೋಡಿಲ್ಲ. ಕಿತ್ತಳೆ ಹಣ್ಣು ಸುಲಿದರೆ ಸಿಪ್ಪೆ ಒಂದೇ ಪಟ್ಟಿಯಾಗಿ ಬರುತ್ತಿತ್ತು. ಆ ಕೈಯ ಬಗ್ಗೆ ಅವರಿಗೂ ಒಳಗೊಳಗೇ ಹೆಮ್ಮೆಯಿತ್ತು ಎಂದು ನನ್ನ ಗುಮಾನಿ, ಯಾಕೆಂದರೆ ಹಣ್ಣು ಸುಲಿದಾದ ಮೇಲೆ ಆ ಪಟ್ಟಿಯನ್ನು ನಮಗೆಲ್ಲ ಕಾಣುವ ಹಾಗೆ ತಟ್ಟೆಯ ಅಂಚಿನಲ್ಲಿ ಇಡುತ್ತಿದ್ದರು.

ಆಂಟಿ ನಮ್ಮ ಮೈಸೂರಿನವರೇ. ಅವರ ತವರಿಗೂ ನಮ್ಮಮ್ಮನ ಮನೆಗೂ ಎರಡು ಬೀದಿ ಅಂತರ. ಹಾಗಾಗಿ ಅವರ ಅಡುಗೆಮನೆ ನನಗೆ, ನನ್ನ ಅಡುಗೆಮನೆ ಅವರಿಗೆ ತೆರೆದೇ ಇರುತ್ತದೆ. ಅವರು ಬಾಗಿಲು ತಟ್ಟುವ ಪದ್ಧತಿಯಿಲ್ಲ. ಹಿತ್ತಲ ಬಾಗಿಲಿನಿಂದ ಬಂದು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಆಮೇಲೆ ನನ್ನ ಕ್ಷೇಮ ವಿಚಾರಿಸುತ್ತಾರೆ.

ರೈಫಲ್ಲಿಗೂ ಒಂದು ಸಣ್ಣ ಚರಿತ್ರೆಯಿದೆ. ಅಂಕಲ್ ಬಂದ ಹೊಸದರಲ್ಲಿ ಉತ್ತರ ಕೆರೊಲಿನಾದ ಒಂದು ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದರಂತೆ. ಅಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಬೇರೆ ಬೇರೆ ದೇಶದ ಸೈನ್ಯಗಳು ಬಳಸಿ ಬಿಟ್ಟ ಬಂದೂಕುಗಳನ್ನು ಸೌದೆಯ ಹಾಗೆ ಒಟ್ಟಿ ಮಾರುತ್ತಿದ್ದರು. ಅದರಲ್ಲೊಂದರ ಮೇಲೆ ನಮ್ಮ ದೇಶದ ಕಾರ್ಖಾನೆಯ ಮೊಹರು ಕಂಡಿತು. ಅಂಕಲ್‌ನ ತಂದೆ ಸೈನ್ಯದಲ್ಲಿದ್ದಾಗ ಹಿಡಿದಿದ್ದೂ ಅದೇ ಬಗೆಯ ರೈಫಲ್ಲು. ಅಲ್ಲೇ ಕೊಂಡು ತಂದರು. "ನಮಗಿಂತ ಮುಂಚೆ ಬಂದು ಸೆಟ್ಲ್ ಆಗಿತ್ತು. ಅದಕ್ಕೆ ವೀಸಾ ಕೇಳಿದವರೂ ಇಲ್ಲ," ಎಂದು ಆಂಟಿ ಈಗಲೂ ಅದನ್ನು ಆಡಿಕೊಳ್ಳುತ್ತಾರೆ.

ಕೊಡಗಿನಲ್ಲಿ ಸೆಪ್ಟೆಂಬರ್ ಆರಂಭದಲ್ಲಿ ಕೈಲ್ ಪೊಳ್ದ್ ಎಂಬ ಹಬ್ಬ. ಕೋವಿಯನ್ನು ತೊಳೆದು ಒರೆಸಿ, ದೇವರ ಮೂಲೆಯಲ್ಲಿಟ್ಟು, ಹೂವೇರಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ಇಲ್ಲಿ ಸೆಪ್ಟೆಂಬರಿನಲ್ಲಿ ಯಾರಿಗೂ ಒಟ್ಟಿಗೆ ರಜೆ ಸಿಗದು. ಅದಕ್ಕೆ ಅಂಕಲ್ ಪೂಜೆಯನ್ನು ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಮಾಡಿಸಿ, ತೆಂಗಿನಕಾಯಿಯ ಪಂದ್ಯವನ್ನು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಶನಿವಾರಕ್ಕೆ, ದಕ್ಷಿಣ ಕೆರೊಲಿನಾದಲ್ಲಿರುವ ಅವರ ಕಡೆಯವರೊಬ್ಬರ ಫಾರ್ಮಿಗೆ ವರ್ಗಾಯಿಸಿದ್ದರು. ಅಲ್ಲಿ ಸೇರುವ ಕೆಲವು ಮನೆಯವರು ತಮ್ಮೊಳಗೇ ಒಂದು ನಿಯಮ ಮಾಡಿಕೊಂಡಿದ್ದರು. ಮೊದಲ ಗುಂಡು ಹಿರಿಯರದ್ದು. ಆದರೆ ಕೋವಿಯನ್ನು ತುಂಬುವುದು, ತೆರೆಯುವುದು ಎಲ್ಲ ಹೊಡೆಯುವವರ ಕೈಯಿಂದಲೇ ಆಗಬೇಕು. ಅದಾಗದಿದ್ದ ದಿನ ಅವರು ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುವ ಗುಂಪಿಗೆ ಸೇರಬೇಕು. ಈ ನಿಯಮ ತಂದವರೇ ಅಂಕಲ್, ಅದೂ ಅವರಿಗೆ ಐವತ್ತು ತುಂಬುವ ಮೊದಲು.

ಕೋವಿಡ್ ಗಲಾಟೆ ತಗ್ಗಿದ ಮರುವರ್ಷ, ಎರಡು ವರ್ಷ ನಿಂತುಹೋಗಿದ್ದ ಪಂದ್ಯ ಮತ್ತೆ ನಡೆಯುವುದೆಂದಾಯಿತು. ಕೈ ಪಳಗಿಸಿಕೊಳ್ಳಲೆಂದು ನವೆಂಬರ್ ಮೊದಲ ವಾರದಲ್ಲಿ ಅಂಕಲ್ ನನ್ನ ಗಂಡನನ್ನು ಕರೆದುಕೊಂಡು ಊರಾಚೆಯ ಶೂಟಿಂಗ್ ರೇಂಜಿಗೆ ಹೋದರು. ನನ್ನ ಗಂಡ ಸಾಫ್ಟ್‌ವೇರ್ ಬರೆಯುವವನು. ಅಂಕಲ್ ಕರೆದರೆ ಸಾಕು, ಬಾಲಂಗೋಚಿಯ ಹಾಗೆ ಹಿಂದೆ ಹೊರಡುತ್ತಾನೆ. ಬೆಳಗಿನ ಚಳಿ. ಅಂಕಲ್ ಒಂದಿಷ್ಟು ಹೆಣಗಿ ತೋಟೆ ತುಂಬಿ, ಮೊದಲ ಗುಂಡು ಹೊಡೆದರು. ಆಮೇಲೆ ಬೋಲ್ಟ್ ಏಳಲಿಲ್ಲ.

ಬೋಲ್ಟ್ ಎಂದರೆ ರೈಫಲ್ಲಿನ ಮೇಲೆ ಬಾಗಿಲ ಅಗುಳಿಯ ಹಾಗೆ ಕೂತಿರುವ ಉಕ್ಕಿನ ದಂಡ. ಹಿಡಿ ಎತ್ತಿ ಹಿಂದಕ್ಕೆ ಎಳೆದರೆ ಸುಟ್ಟ ತೋಟೆ ಹೊರಗೆ ಹಾರುತ್ತದೆ. ಮುಂದಕ್ಕೆ ನೂಕಿ ಮಡಚಿದರೆ ಹೊಸ ತೋಟೆ ಒಳಗೆ ಕೂರುತ್ತದೆ. ಅಂಕಲ್ ಎಷ್ಟು ಎತ್ತಿದರೂ ಅದು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ರೇಂಜಿನ ಸಿಬ್ಬಂದಿಯೊಬ್ಬ, ಎರಡಾಳು ಗಾತ್ರದವನು, ಬಂದು ಅಂಗೈಯಿಂದ ಒಂದು ಏಟು ಕೊಟ್ಟಾಗ ಬೋಲ್ಟ್ ತೆರೆದುಕೊಂಡಿತು. "ಇಟ್ಸ್ ಓಕೆ ಸರ್, ಹ್ಯಾಪನ್ಸ್," ಎಂದು ಅಂಕಲ್‌ನ ಭುಜ ತಟ್ಟಿದನಂತೆ. ಆ ಭುಜ ತಟ್ಟಿದ್ದೇ ತಪ್ಪಾಯಿತು. ಅಂಕಲ್ ತಮ್ಮ ಕೈಗಳನ್ನು ಒಮ್ಮೆ ನೋಡಿಕೊಂಡು ಜೇಬಿಗೆ ಇಳಿಸಿದರು. ಮನೆಗೆ ಹೊರಡುವಾಗ ಕಾರಿನ ಕೀ ನನ್ನ ಗಂಡನ ಕೈಗೆ ಕೊಟ್ಟು, ಪಕ್ಕದ ಸೀಟಿನಲ್ಲಿ ಕೂತರು.

ಆಮೇಲೆ ಒಂದೊಂದಾಗಿ ಬಿಡಲು ಶುರು ಮಾಡಿದರು. ಡ್ರೈವಿಂಗ್ ಬಿಟ್ಟರು. ನಮ್ಮ ಕಡೆ ಕಾರಿಲ್ಲದೆ ಕೊತ್ತಂಬರಿ ಸೊಪ್ಪೂ ಸಿಗುವುದಿಲ್ಲ. ಹಾಗಾಗಿ ಆಂಟಿಯ ದೇವಸ್ಥಾನ, ತರಕಾರಿ, ಡುಲುತ್‌ನ ಇಂಡಿಯನ್ ಅಂಗಡಿಯ ಓಡಾಟವೆಲ್ಲ ನನ್ನ ಪಾಲಿಗೆ ಬಂತು. ಕಾಫಿ ಹುಯ್ಯುವುದು ಬಿಟ್ಟು ಲೋಟದಲ್ಲಿ ಚಮಚ ತಿರುಗಿಸತೊಡಗಿದರು. ಕಿತ್ತಳೆ ಹಣ್ಣು ಕೊಟ್ಟರೆ ಬೇಡವೆಂದರು. ಎದುರಿಗೆ ಕೂತು ಮಾತಾಡುವಾಗ ಎರಡು ಕೈಯನ್ನೂ ತೊಡೆಯ ಕೆಳಗೆ ಸೇರಿಸಿಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಫೇಲಾದ ಮಕ್ಕಳು ಮಾರ್ಕ್ಸ್ ಕಾರ್ಡ್ ಮುಚ್ಚಿಡುವ ಹಾಗೆ. ನನಗೆ ನೋಡಲಾಗುತ್ತಿರಲಿಲ್ಲ.

ಒಂದು ಸಂಜೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ತಮ್ಮ ಕಾಯಿಲೆಯನ್ನು ತಾವೇ ಘೋಷಿಸಿದರು.

"ಮಾರ್ನಿಂಗ್ ಸ್ಟಿಫ್‌ನೆಸ್ ನೋಡಮ್ಮ. ಬೆಳಗ್ಗೆ ಆ ಬೋಲ್ಟ್ ಎತ್ತೋಕೆ ಆಗಲ್ಲ. ಸಾಯಂಕಾಲ ಅದೇ ಕೈಯಲ್ಲಿ ಸಲೀಸಾಗಿ ಎತ್ತುತ್ತೇನೆ. ದಿನಾ ಟ್ರೈ ಮಾಡಿ ನೋಡಿದ್ದೇನೆ. ಟೆಕ್ಸ್ಟ್‌ಬುಕ್ ಕೇಸು. ಜಾಯಿಂಟ್ಸ್ ಹೋಗ್ತಾ ಇವೆ."

"ನೋವಿದೆಯಾ ಅಂಕಲ್?" ಎಂದೆ.

"ಇನ್ನೂ ಇಲ್ಲ. ಬರುತ್ತೆ."

"ಬ್ಲಡ್ ಟೆಸ್ಟ್?"

"ಮಾಡಿಸ್ದೆ. ನಾರ್ಮಲ್. ಆದರೆ ಎಷ್ಟೋ ಕೇಸಲ್ಲಿ ಟೆಸ್ಟ್ ನೆಗೆಟಿವ್ ಇರುತ್ತೆ."

ಆಂಟಿ ಅವರ ತಟ್ಟೆಗೆ ಸಾರು ಬಡಿಸುತ್ತಾ, "ಬೇರೆ ಪೇಷೆಂಟ್ ಯಾರೂ ಸಿಗಲಿಲ್ಲ ಅಂತ ಈಗ ತಾವೇ ಪೇಷೆಂಟ್ ಆಗಿದಾರೆ," ಎಂದರು. ಮಾತು ತಮಾಷೆಯದ್ದು, ಆದರೆ ಸಾರು ತಟ್ಟೆಯ ಅಂಚು ಮುಟ್ಟುವವರೆಗೂ ಬಡಿಸುತ್ತಲೇ ಇದ್ದರು.

ಅಂಕಲ್ ತೀರ್ಮಾನವನ್ನೂ ಹೇಳಿಬಿಟ್ಟರು. ಈ ಸಲ ಪಂದ್ಯಕ್ಕೆ ಬರುತ್ತಾರೆ, ಆದರೆ ಕುರ್ಚಿಯ ಗುಂಪಿನಲ್ಲಿ ಕೂರುತ್ತಾರೆ. ಅದಾದ ವಾರವೇ ಕೋವಿಯನ್ನು ಯಾವುದಾದರೂ ಅಂಗಡಿಗೆ ಕೊಟ್ಟುಬಿಡುತ್ತಾರೆ. ಕಾರನ್ನೂ ಮಾರಿಬಿಡುವುದು. "ಕೈ ಹೋದ ಮೇಲೆ ಹೋಗಿದೆ ಅಂತ ಒಪ್ಕೊಬೇಕು. ನಾನು ಎಷ್ಟೋ ಜನಕ್ಕೆ ಹೇಳಿದೀನಿ," ಎಂದು ಮಜ್ಜಿಗೆ ಕುಡಿದು ಎದ್ದರು.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಟೆಸ್ಟ್ ಮಾಡುವವಳು. ಬೇರೆಯವರ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ. ಈ ವೃತ್ತಿ ನನ್ನ ಸ್ವಭಾವವನ್ನು ಕೆಡಿಸಿತೋ, ಕೆಟ್ಟ ಸ್ವಭಾವದಿಂದಾಗಿ ಈ ವೃತ್ತಿ ಸಿಕ್ಕಿತೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಏನೇ ಇರಲಿ, ಅಂಕಲ್ ಹೇಳಿದ್ದು ಕೇಳಿ ದುಃಖವಾಗುವುದಕ್ಕೆ ಮೊದಲು ನನಗೆ ಸಿಟ್ಟು ಬಂತು. ಒಂದು ಕೈ, ಒಂದು ಕೋವಿ. ಎರಡರಲ್ಲಿ ಯಾವುದು ಕೆಟ್ಟಿದೆ ಎಂದು ನೋಡದೆ ಕೈಯ ಮೇಲೆ ತಪ್ಪು ಹೊರಿಸಿ ಫೈಲ್ ಮುಚ್ಚಿದರೆ, ನಮ್ಮ ಆಫೀಸಿನಲ್ಲಾದರೆ ಮೀಟಿಂಗ್ ಕರೆಯುತ್ತಿದ್ದೆವು.

ನನ್ನ ಗಂಡ ನನಗಿಂತ ಮುಂಚೆಯೇ ಕೆಲಸಕ್ಕೆ ಇಳಿದಿದ್ದ. ಅವನ ವಿಧಾನ ಒಂದೇ, ವಿಡಿಯೊ ನೋಡುವುದು. ಹಳೆಯ ಮಿಲಿಟರಿ ಕೋವಿಗಳನ್ನು ದಾಸ್ತಾನಿಡುವಾಗ ತುಕ್ಕು ಹಿಡಿಯದಿರಲೆಂದು ಗಟ್ಟಿ ಗ್ರೀಸ್ ಬಳಿದಿರುತ್ತಾರಂತೆ. ಅದು ತೋಟೆ ಕೂರುವ ಗೂಡಿನ ಗೋಡೆಗೆ ಅಂಟಿಕೊಂಡು ದಶಕಗಟ್ಟಲೆ ಉಳಿಯುತ್ತದಂತೆ, ಗುಂಡು ಹೊಡೆದು ಬಿಸಿಯಾದ ಕೂಡಲೇ ಅಂಟಾಗುತ್ತದಂತೆ. ಮನೆಗೆ ಬ್ರಷ್ಷುಗಳ ಪಾರ್ಸೆಲ್ ಬಂತು. ಭಾನುವಾರ ಅಂಕಲ್ ಮನೆಯ ಹಾಲಿನಲ್ಲಿ ಹಳೆಯ ಬೆಡ್‌ಶೀಟ್ ಹಾಸಿ ಇಬ್ಬರೂ ಕೂತರು. ಅಂಕಲ್ ಶಿಸ್ತಿನವರು. ಕೋವಿ ಮುಟ್ಟುವ ಮೊದಲು ಗುಂಡಿಲ್ಲವೆಂದು ತಾವು ನೋಡಿ, ಪಕ್ಕದವರಿಗೂ ತೋರಿಸಿ, ಆಮೇಲೆಯೇ ಮುಂದಿನ ಮಾತು. ಬೋಲ್ಟನ್ನು ಕಳಚಿ ಪಕ್ಕಕ್ಕೆ ಇಟ್ಟು, ಗೂಡಿನೊಳಕ್ಕೆ ಬ್ರಷ್ ಹಾಕಿ ನನ್ನ ಗಂಡ ಇಡೀ ಮಧ್ಯಾಹ್ನ ಉಜ್ಜಿದ. ಬೋಲ್ಟ್ ಮರಳಿ ಕೂರಿಸಿ ಎಳೆದರೆ ಬೆಣ್ಣೆಯಂತೆ ಜಾರಿತು.

"ಸಾಲ್ವ್ಡ್," ಎಂದ ಅವನು, ಬೆವರು ಒರೆಸಿಕೊಳ್ಳುತ್ತಾ. ಬೆವರಿದ್ದು ಬರೀ ಉಜ್ಜಿದ್ದಕ್ಕಲ್ಲ. ಆಂಟಿಗೆ ಚಳಿ ಆಗದು. ಅವರ ಮನೆಯ ಹೀಟರ್ ನವೆಂಬರಿನಲ್ಲೂ ಮೈಸೂರಿನ ಏಪ್ರಿಲ್ ತಿಂಗಳನ್ನು ನಡೆಸುತ್ತಿರುತ್ತದೆ.

ಮರುದಿನ ಬೆಳಗ್ಗೆ ಅಂಕಲ್ ಗರಾಜಿಗೆ ಹೋಗಿ, ಅಲ್ಲಿನ ಕಬ್ಬಿಣದ ಕಪಾಟಿನಿಂದ ಕೋವಿ ತೆಗೆದು ಬೋಲ್ಟ್ ಎಳೆದರು. ಬರಲಿಲ್ಲ. ಮನೆಯೊಳಗೆ ಬಂದು ಫೋನ್ ಮಾಡಿ, "ಕೋವಿ ಕ್ಲೀನಾಗಿದೆ. ನನ್ನ ಕೈಯೇ. ಇನ್ನು ಡೌಟ್ ಬೇಡ," ಎಂದರು. ಅವರ ದನಿ ಸಮಾಧಾನವಾಗಿತ್ತು. ಆ ಸಮಾಧಾನವೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ನಿನ್ನೆ ನಾನೇ ನೋಡ್ದೆ, ಸರಿಯಾಗಿ ವರ್ಕ್ ಆಗ್ತಿತ್ತು," ಎಂದು ನನ್ನ ಗಂಡ ಹಠ ಹಿಡಿದ. ಈ ವಾಕ್ಯವನ್ನು ನಾನು ಹದಿನೆಂಟು ವರ್ಷದಿಂದ ಆಫೀಸಿನಲ್ಲಿ ಕೇಳುತ್ತಿದ್ದೇನೆ. ಪ್ರೋಗ್ರಾಂ ಬರೆಯುವವರೆಲ್ಲರ ವೇದವಾಕ್ಯ ಅದು, ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ನಡೆಯುತ್ತಿದೆ ಎಂಬುದು. ಅವರ ಕಂಪ್ಯೂಟರಿಗೂ ಗಿರಾಕಿಯ ಕಂಪ್ಯೂಟರಿಗೂ ಏನು ವ್ಯತ್ಯಾಸ ಎಂದು ಹುಡುಕುವುದೇ ನನ್ನ ಕಸುಬು. ಹಾಗಾದರೆ ನಿನ್ನೆ ಸಂಜೆಗೂ ಇವತ್ತು ಬೆಳಗ್ಗೆಗೂ ಏನು ವ್ಯತ್ಯಾಸ? ಅಂಕಲ್ ಪ್ರಕಾರ ಕೈ. ನನ್ನ ಪ್ರಕಾರ, ಒಂದು ಹಾಲು, ಇನ್ನೊಂದು ಗರಾಜು. ಅಲ್ಲಿಂದ ಮುಂದೆ ನನ್ನ ತಲೆ ಓಡಲಿಲ್ಲ. ಚಳಿಗೆ ಉಕ್ಕು ಕುಗ್ಗುತ್ತದೆ ಎಂದು ನನ್ನ ಗಂಡ ಹೇಳಿದ. ಹಾಗಾದರೆ ಇಷ್ಟು ವರ್ಷದ ಚಳಿಗಾಲದಲ್ಲಿ ಇಲ್ಲದ್ದು ಈಗೇಕೆ ಎಂದು ಕೇಳಿದೆ. ಅವನು ಇನ್ನೊಂದು ವಿಡಿಯೊ ಹಾಕಿದ.

ಉತ್ತರ ಸಿಕ್ಕಿದ್ದು ನನ್ನ ಬಚ್ಚಲಲ್ಲಿ. ಥ್ಯಾಂಕ್ಸ್‌ಗಿವಿಂಗ್ ವಾರದ ಮೊದಲ ರಜೆಯ ಬೆಳಗ್ಗೆ, ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡೋಣವೆಂದು ಕಿಟಕಿಯ ಬಳಿಯಿಟ್ಟಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ಬೋರಲು ಹಾಕಿದರೆ, ಒಂದು ಹನಿಯೂ ಬೀಳಲಿಲ್ಲ. ಹೆಪ್ಪುಗಟ್ಟಿ ಬಿಳಿಯಾಗಿ ಕೂತಿತ್ತು. ಬಿಸಿನೀರಿನ ನಲ್ಲಿಯ ಕೆಳಗೆ ಬಾಟಲಿ ಹಿಡಿದು, ಅದು ಅಂಚಿನಿಂದ ಕರಗುತ್ತಾ ಬರುವುದನ್ನು ನೋಡುತ್ತಾ ನಿಂತೆ. ಬೆಳಗ್ಗೆ ಗಟ್ಟಿ. ಬಿಸಿ ತಾಕಿದರೆ ಸಲೀಸು.

ನೆನಪು ಮಾಡಿಕೊಂಡೆ. ಆ ಭಾನುವಾರ ಅವರ ಹಾಲಿನಲ್ಲಿ ನನಗೆ ಕೊಬ್ಬರಿ ಎಣ್ಣೆಯ ವಾಸನೆ ಬಂದಿತ್ತು. ನನ್ನದೇ ಜಡೆಯದ್ದು ಎಂದುಕೊಂಡು ಸುಮ್ಮನಾಗಿದ್ದೆ. ನನ್ನ ಗಂಡನೂ ಹಾಗೇ ಅಂದುಕೊಂಡಿರಬೇಕು, ಅವನಿಗೆ ಆ ವಾಸನೆ ಹೆಂಡತಿಯದ್ದು. ಅಂಕಲ್ ಗುರುತಿಸುವಂತಿರಲಿಲ್ಲ. ಕೋವಿಡ್ ಬಂದು ಹೋದಮೇಲೆ ಅವರ ಮೂಗಿಗೆ ವಾಸನೆ ಹತ್ತುವುದು ನಿಂತೇಹೋಗಿತ್ತು. ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲವೆಂದು ಆಂಟಿ ಗೊಣಗುತ್ತಿದ್ದರು.

ತಲೆಗೆ ಎಣ್ಣೆ ಹಚ್ಚುವುದನ್ನು ಅಲ್ಲೇ ಬಿಟ್ಟು, ನೈಟಿಯ ಮೇಲೆ ಸ್ವೆಟರ್ ಏರಿಸಿಕೊಂಡು ಪಕ್ಕದ ಮನೆಗೆ ಓಡಿದೆ. ಅಂಕಲ್ ಪೇಪರ್ ಹಿಡಿದು ಕೂತಿದ್ದರು. ಒಂದು ನಿಮಿಷ ಗರಾಜಿಗೆ ಬನ್ನಿ ಎಂದೆ. ಅವರಿಗೆ ಮನಸ್ಸಿರಲಿಲ್ಲ, ಆದರೂ ಬಂದರು. ಕಪಾಟು ತೆಗೆದು, ಕೋವಿಯಲ್ಲಿ ಗುಂಡಿಲ್ಲವೆಂದು ತಾವು ನೋಡಿ ನನಗೂ ತೋರಿಸಿ ಹಿಡಿದುಕೊಂಡರು. ಬೋಲ್ಟ್ ಜಾರುವ ಹಳ್ಳದಲ್ಲಿ ಬೆರಳು ಹಾಕಿ ಎಳೆದೆ. ಬೆರಳ ತುದಿಗೆ ಬಿಳಿಯ ಮೇಣದಂಥದು ಮೆತ್ತಿಕೊಂಡಿತು.

"ಗ್ರೀಸ್ ಅದು. ಇರಬೇಕಾದ್ದೇ," ಎಂದರು ಅಂಕಲ್.

"ಯಾರು ಹಾಕಿದ್ದು?"

"ನಾನಂತೂ ಇಲ್ಲ. ಆಗಸ್ಟಲ್ಲಿ ಕಣ್ಣಿನ ಆಪರೇಷನ್ ಆಯ್ತಲ್ಲ, ಬಗ್ಗಬಾರದು ಅಂದಿದ್ರು. ಈ ಸಲ ಪೂಜೆ ಕೆಲಸ ಎಲ್ಲ ಇವಳೇ ಮಾಡಿದ್ದು."

ಬೆರಳನ್ನು ಹೆಬ್ಬೆರಳಿಗೆ ಉಜ್ಜಿದೆ. ಮೇಣ ಕ್ಷಣದಲ್ಲಿ ನೀರಾಯಿತು. ಮೂಗಿಗೆ ಹಿಡಿದೆ. ಹಬ್ಬದ ದಿನ ನಮ್ಮಜ್ಜಿ ನನ್ನನ್ನು ಮಣೆಯ ಮೇಲೆ ಕೂರಿಸಿ ನೆತ್ತಿ ತಟ್ಟುತ್ತಿದ್ದಾಗಿನ ವಾಸನೆ. ನನಗೆ ನಗು ತಡೆಯಲಾಗಲಿಲ್ಲ. ಗರಾಜಿನ ಮೆಟ್ಟಿಲ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಂಕಲ್ ಕೋವಿ ಹಿಡಿದು, ನನ್ನ ತಲೆ ಕೆಟ್ಟಿತೇನೋ ಎಂಬಂತೆ ನೋಡುತ್ತಿದ್ದರು.

ಸದ್ದು ಕೇಳಿ ಆಂಟಿ ಬಂದರು. ಕೇಳಿದ್ದಕ್ಕೆ ಸ್ವಲ್ಪವೂ ಮುಚ್ಚುಮರೆಯಿಲ್ಲದೆ ಹೇಳಿದರು.

"ಹೂಂ, ಕೊಬ್ಬರಿ ಎಣ್ಣೆನೇ. ದೇವರ ಮುಂದೆ ಇಡೋ ವಸ್ತುಗೆ ಆ ಸೀಮೆಎಣ್ಣೆ ವಾಸನೆದು ಹಾಕಕ್ಕಾಗತ್ತಾ? ಒಳ್ಳೇ ಗಾಣದ್ದು, ಪೂಜೆಗೆ ಅಂತ ಇಟ್ಟಿದ್ದು. ನಮ್ಮಮ್ಮ ಹೊಲಿಗೆ ಮಷೀನಿಗೆ ಅದನ್ನೇ ಬಿಡ್ತಿದ್ರು. ಜೀವಮಾನ ಪೂರ್ತಿ ಒಂದು ದಿನ ನಿಂತಿಲ್ಲ ಆ ಮಷೀನು."

"ಒಂದೇ ಸಲ ಹಾಕಿದ್ದಾ ಆಂಟಿ?"

"ಒಂದೇ ಸಲ ಯಾಕೆ? ಇವರು ದಿನಾ ಎಳೆದು ಎಳೆದು ಒದ್ದಾಡೋದು ನೋಡಿ ಹೊಟ್ಟೆ ಉರೀತಿತ್ತು. ಸಡಿಲ ಆಗ್ಲಿ ಅಂತ ಸಂಜೆ ಸಂಜೆ ಕಪಾಟಲ್ಲಿ ಇಡೋ ಮುಂಚೆ ಎರಡು ಹನಿ ಬಿಡ್ತಿದ್ದೆ. ಮೊನ್ನೆ ಭಾನುವಾರ ನೀವೆಲ್ಲ ಎದ್ದು ಹೋದ್ಮೇಲೂ ಬಿಟ್ಟೆ."

ಹಾಗಾಗಿತ್ತು ಕಥೆ. ಮೈಸೂರಿನಲ್ಲಿ ಬೆಳೆದ ಮೇಲೆ ಆಂಟಿಗೂ ಗೊತ್ತು, ನನಗೂ ಗೊತ್ತು, ಡಿಸೆಂಬರ್ ಬಂದರೆ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಡಬೇಕು. ಆದರೆ ಕೋವಿಯೊಳಗಿನ ಎಣ್ಣೆಯನ್ನೂ ಬಿಸಿಲಿಗಿಡಬೇಕೆಂದು ಯಾರಿಗೆ ಹೊಳೆಯುತ್ತದೆ. ಸಂಜೆ ಮನೆಯೊಳಗೆ ತಂದು ಕೂತರೆ ಆಂಟಿಯ ಏಪ್ರಿಲ್ ತಿಂಗಳಲ್ಲಿ ಎಣ್ಣೆ ಕರಗಿ ಬೋಲ್ಟ್ ಜಾರುತ್ತಿತ್ತು. ರಾತ್ರಿಯಿಡೀ ಗರಾಜಿನಲ್ಲಿದ್ದರೆ ಬೆಳಗ್ಗೆ ಹೆಪ್ಪಾಗುತ್ತಿತ್ತು. ಕೋವಿಗೆ ಬಂದ ಕಾಯಿಲೆಯ ಲಕ್ಷಣಗಳನ್ನೆಲ್ಲ ಬಿಡದೆ ಗಮನಿಸಿ, ಅಂಕಲ್ ತಮ್ಮ ಬೆರಳಿನ ಲೆಕ್ಕಕ್ಕೆ ಬರೆದುಕೊಂಡಿದ್ದರು.

ಅಂಕಲ್ ನನ್ನ ಬೆರಳ ಮೇಲಿನ ಎಣ್ಣೆಯನ್ನು ತಮ್ಮ ಬೆರಳಿಗೆ ಅಂಟಿಸಿಕೊಂಡು, ವಾಸನೆ ಬಾರದ ಮೂಗಿಗೆ ಹಿಡಿದು ನೋಡಿದರು. ಆಮೇಲೆ ಬಲಗೈಯನ್ನು ಬಿಚ್ಚಿ, ಮುಷ್ಟಿ ಕಟ್ಟಿ, ಮತ್ತೆ ಬಿಚ್ಚಿದರು. ನಾವಿಬ್ಬರೂ ಅಲ್ಲಿದ್ದೇವೆಂಬುದನ್ನು ಮರೆತ ಹಾಗಿತ್ತು. ನನ್ನ ನಗು ತಾನಾಗಿ ನಿಂತಿತು.

"ಪ್ರೂವ್ ಆಗಬೇಕಲ್ಲ," ಎಂದರು ಕೊನೆಗೆ. "ಎಣ್ಣೆನೂ ಇರಬಹುದು, ಕೈಯೂ ಇರಬಹುದು. ಎರಡೂ ಇರಬಹುದು."

ಡಾಕ್ಟರ್ ಹಟ ಎಂದರೆ ಅದು. ಸರಿ, ಪರೀಕ್ಷೆಯೇ ಆಗಲಿ ಎಂದೆ. ಬೋಲ್ಟನ್ನು ಕಳಚಿ ಅಡುಗೆಮನೆಗೆ ತಂದೆವು. ಆಂಟಿ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿದರು. ಬೋಲ್ಟನ್ನು ಅದರಲ್ಲಿ ಅದ್ದಿದಾಗ ನೀರಿನ ಮೇಲೆ ಎಣ್ಣೆಯ ಕಣ್ಣುಗಳು ತೇಲಿದವು, ತಿಳಿಸಾರಿನ ಮೇಲೆ ಒಗ್ಗರಣೆ ತೇಲುವ ಹಾಗೆ. "ನಾನು ಇಷ್ಟೊಂದು ಹಾಕಿದ್ನಾ," ಎಂದು ಆಂಟಿ ಗಲ್ಲದ ಮೇಲೆ ಕೈಯಿಟ್ಟುಕೊಂಡರು. ಅಷ್ಟರಲ್ಲಿ ನನ್ನ ಗಂಡನೂ ಬಂದು, ಇದು ಯಾವ ವಿಡಿಯೊದಲ್ಲೂ ಇರಲಿಲ್ಲವೆಂದು ಪೆಚ್ಚುಮೋರೆ ಹಾಕಿಕೊಂಡ. ಅವನ ಕೈಗೆ ಬ್ರಷ್ ಕೊಟ್ಟು, ಕೋವಿಯ ಹಳ್ಳಗಳನ್ನೆಲ್ಲ ಉಜ್ಜಲು ಕೂರಿಸಿದೆ. ಒಣಗಿಸಿ, ಅಂಕಲ್‌ನ ಹಳೆಯ ಗನ್ ಆಯಿಲ್ ಡಬ್ಬಿಯಿಂದ ಲೆಕ್ಕಕ್ಕೆ ಬೇಕಾದಷ್ಟೇ ಹಚ್ಚಿದೆವು. ಆಂಟಿ ಮೂಗು ಮುಚ್ಚಿಕೊಂಡು ಸಹಿಸಿದರು.

ರೈಫಲ್ಲನ್ನು ಬೇಕೆಂದೇ ಗರಾಜಿನಲ್ಲಿ ಇಟ್ಟೆವು. ಮರುದಿನ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಬೆಳ್ಳಗಾಗಿತ್ತು. ನಾನು ಅಡುಗೆಮನೆಯ ಕಿಟಕಿಯಿಂದ ಅವರ ಗರಾಜಿನ ಬಾಗಿಲನ್ನೇ ನೋಡುತ್ತಾ ನಿಂತಿದ್ದೆ. ಬಾಗಿಲು ಮೇಲೆ ಹೋಯಿತು. ಅಂಕಲ್ ಮಂಕಿ ಟೋಪಿ ಹಾಕಿಕೊಂಡು ನಿಂತಿದ್ದರು. ನನ್ನ ಕಡೆ ತಿರುಗಿಯೂ ನೋಡದೆ ಬೋಲ್ಟ್ ಎತ್ತಿದರು, ಎಳೆದರು, ನೂಕಿದರು, ಮಡಚಿದರು. ಮತ್ತೆ ಎತ್ತಿದರು. ಎಷ್ಟು ಸಲ ಎಳೆದರೋ ದೇವರೇ ಬಲ್ಲ. ಇಲ್ಲಿ ನನ್ನ ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು, ನನಗೆ ಅದರ ಪರಿವೆಯೇ ಇರಲಿಲ್ಲ.

ಶನಿವಾರ ಬೆಳಗ್ಗೆ ನಾವು ನಾಲ್ವರೂ ನಮ್ಮ ಕಾರಿನಲ್ಲಿ ದಕ್ಷಿಣ ಕೆರೊಲಿನಾದ ಫಾರ್ಮಿಗೆ ಹೋದೆವು. ಮಂಜು ಆಗಷ್ಟೇ ಕರಗುತ್ತಿತ್ತು. ಪೈನ್ ಮರಗಳ ನಡುವೆ ಬೆಂಕಿ ಹಾಕಿ, ಬಯಲಿನ ಕೊನೆಯಲ್ಲಿ ಮಣ್ಣಿನ ದಿಬ್ಬದ ಮುಂದೆ ಕಂಬ ನೆಟ್ಟು ತೆಂಗಿನಕಾಯಿ ಕಟ್ಟಿದ್ದರು. ಒಂದು ಕಡೆ ಹಂದಿ ಮಾಂಸದ ಸಾರು ಕುದಿಯುತ್ತಿತ್ತು. ಮಾಂಸ ಮುಟ್ಟದ ನಮ್ಮಂಥ ಪುಳಿಚಾರಿಗಳಿಗೆಂದು ಆಂಟಿ ಪುಳಿಯೋಗರೆ ತಂದಿದ್ದರು. ಹಿರಿಯರಿಗೆಂದು ಹಾಕಿದ್ದ ಕುರ್ಚಿಗಳಲ್ಲಿ ಒಂದನ್ನು ಅಂಕಲ್‌ಗೆಂದು ಖಾಲಿ ಬಿಟ್ಟಿದ್ದರು. ಅವರು ಈ ಸಲ ಹೊಡೆಯುವುದಿಲ್ಲ ಎಂಬ ಸುದ್ದಿ ಫೋನಿನಲ್ಲಿ ಎಲ್ಲರಿಗೂ ಮುಟ್ಟಿತ್ತು. ಅಂಕಲ್ ಆ ಕುರ್ಚಿಯ ಮೇಲೆ ತಮ್ಮ ಜಾಕೆಟ್ ಬಿಚ್ಚಿಟ್ಟು, ಕೋವಿ ಹಿಡಿದು ಸೀದಾ ಗೆರೆಯ ಹತ್ತಿರ ನಡೆದರು. ಬೆಂಕಿಯ ಸುತ್ತ ಕೂತವರೆಲ್ಲ ಎದ್ದು ನಿಂತರು.

ಆಂಟಿ ನನ್ನ ತೋಳು ಹಿಡಿದುಕೊಂಡರು. ಇಷ್ಟು ವರ್ಷ ಅಂಕಲ್ ಹೊಡೆಯುವಾಗ ಕಿವಿಗೆ ಬೆರಳಿಟ್ಟುಕೊಂಡು ಬೆನ್ನು ತಿರುಗಿಸಿ ನಿಲ್ಲುತ್ತಿದ್ದವರು, ಈ ಸಲ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಮೊದಲ ಗುಂಡು ದಿಬ್ಬಕ್ಕೆ ಬಿತ್ತು. ಮಣ್ಣು ಎದ್ದಿತು, ಕಾಯಿ ಅಲುಗಲಿಲ್ಲ. ಆದರೆ ಅಂಕಲ್ ಆಗಲೇ ಎರಡು ಬೆರಳಿನಲ್ಲಿ ಬೋಲ್ಟ್ ಎತ್ತಿ ಎಳೆದಿದ್ದರು. ಖಾಲಿ ತೋಟೆ ಬಿಸಿಲಲ್ಲಿ ಮಿನುಗಿ ಹುಲ್ಲಿಗೆ ಬಿತ್ತು. ಎರಡನೆಯದೂ ತಪ್ಪಿತು. ಮೂರನೆಯದೂ ತಪ್ಪಿತು. ಪ್ರತಿ ಸಲವೂ ಬೋಲ್ಟ್ ಮೇಲೆ, ಹಿಂದೆ, ಮುಂದೆ, ಕೆಳಗೆ. ಒಂದು ಗುಂಡೂ ತಾಗದ ಮನುಷ್ಯನ ಮುಖ ಅಷ್ಟು ಅರಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೋವಿ ಇಳಿಸಿ, ಖಾಲಿಯೆಂದು ಪಕ್ಕದವರಿಗೆ ತೋರಿಸಿ, ವಾಪಸ್ ಬರುತ್ತಾ, "ಕಾಯಿ ಸರಿಯಾಗಿ ಕಾಣಲಿಲ್ಲ. ಅದು ಕಣ್ಣಿನ ಪ್ರಾಬ್ಲಮ್ಮು. ಕೈ ಫಸ್ಟ್ ಕ್ಲಾಸಾಗಿದೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಕಾಯಿ ಒಡೆದವರು ಯಾರೋ, ನನಗೆ ನೆನಪಿಲ್ಲ.

ಹೊರಡುವಾಗ ಅಂಕಲ್ ನನ್ನ ಗಂಡನ ಮುಂದೆ ಅಂಗೈ ಚಾಚಿದರು. ಅವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ನಾನು ಅವನ ಜೇಬಿನಿಂದ ಕೀ ತೆಗೆದು ಆ ಅಂಗೈ ಮೇಲಿಟ್ಟೆ. ನಮ್ಮ ಕಾರನ್ನು ಅವರೇ ಓಡಿಸಿದರು. ಹೈವೇಯ ಬಲಗಡೆಯ ಸಾಲು ಬಿಡದೆ, ಲಾರಿಗಳೆಲ್ಲ ನಮ್ಮನ್ನು ದಾಟಿ ಹೋಗುವಷ್ಟು ನಿಧಾನವಾಗಿ ಓಡಿಸಿದರು. ಹಿಂದಿನ ಸೀಟಿನಲ್ಲಿ ನನ್ನ ಗಂಡ ಕಾಲಡಿಯಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಿದ್ದ. ಅಂಕಲ್‌ಗೆ ಕನ್ನಡಿಯಲ್ಲಿ ಅದು ಕಂಡಿತೋ ಏನೋ, ಒಂದು ಹಳೆಯ ರಾಗ ಗುನುಗತೊಡಗಿದರು.

ಜಾರ್ಜಿಯಾ ಗಡಿ ದಾಟಿದ ಮೇಲೆ ಪೆಟ್ರೋಲಿಗೆಂದು ನಿಂತೆವು. ಗಂಡಸರು ಹೊರಗಿದ್ದರು. ಆಂಟಿಯೂ ನಾನೂ ಒಳಗೆ ಹೋಗಿ ಕಾಫಿ ಮಷೀನಿನ ಮುಂದೆ ನಿಂತೆವು. ಖುಷಿಯಾಯಿತಾ ಎಂದು ಕೇಳಿದೆ.

"ಆಗದೆ ಇರತ್ತಾ?" ಎಂದರು. ಕಪ್ಪಿಗೆ ಸಕ್ಕರೆ ಹಾಕಿ, ಕಲಕಿ, ಮತ್ತೆ ಕಲಕಿದರು. "ಈ ಮೂರು ವಾರ ಅವರ ಶರ್ಟಿನ ಬಟನ್ ನಾನೇ ಹಾಕ್ತಿದ್ದೆ ಕಣೇ. ಕೈಲಾಗಲ್ಲ ಅಂತ ಬೆಳಗ್ಗೆ ಎದುರಿಗೆ ಬಂದು ನಿಂತ್ಕೋತಿದ್ರು. ನಂಗೆ ಅಳು ಬರ್ತಿತ್ತು, ತೋರಿಸ್ಕೊಳ್ತಿರ್ಲಿಲ್ಲ. ಆದ್ರೆ ಒಂದು ಹೇಳ್ತೀನಿ, ನಗಬೇಡ. ಮದುವೆ ಆದಾಗಿಂದ ನಾನು ಏಳೋ ಹೊತ್ತಿಗೆ ಇವರು ಆಸ್ಪತ್ರೇಲಿರ್ತಿದ್ರು, ರಿಟೈರ್ ಆದ್ಮೇಲೆ ಪೇಪರ್ ಹಿಂದೆ ಇರ್ತಿದ್ರು. ಬೆಳಗ್ಗೆ ಅಷ್ಟು ಹತ್ರ ನಿಂತು ಇವರ ಮುಖ ನೋಡಿದ್ದು ಈಗಲೇ."

ನಾನು ನಗಲಿಲ್ಲ. ಅವರ ಕಪ್ಪಿಗೆ ಮುಚ್ಚಳ ಹಾಕಿ ಕೈಗೆ ಕೊಟ್ಟೆ. ಹೊರಗೆ ಅಂಕಲ್ ಡ್ರೈವರ್ ಸೀಟಿನಲ್ಲಿ ಕೂತು, ಬನ್ನಿ ಎಂದು ಹಾರ್ನ್ ಹೊಡೆದರು.

ಮರುದಿನ ಭಾನುವಾರ ಆಂಟಿ ಹಿತ್ತಲ ಬಾಗಿಲಿನಿಂದ ಬಂದರು. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. ಸುಮ್ಮನೆ ಕುರ್ಚಿ ಎಳೆದುಕೊಂಡು ಕೂತರು. ಹೊರಗೆ ಅಂಕಲ್ ಕಾರು ಸ್ಟಾರ್ಟ್ ಮಾಡುವ ಸದ್ದು ಕೇಳಿತು. ಒಬ್ಬರೇ ಡುಲುತ್‌ಗೆ ಹೋಗಿ ತರಕಾರಿ ತರುತ್ತಾರಂತೆ.

"ಇವತ್ತೂ ಬಂದು ನಿಂತ್ರು," ಎಂದರು ಆಂಟಿ.

"ಕೈ ಸರಿ ಇದೆಯಲ್ಲ ಆಂಟಿ?"

"ಸರಿ ಇದೆ. ಇವತ್ತು ಕಾಫಿನೂ ಅವರೇ ಹುಯ್ದು ಕೊಟ್ರು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕಿಟಕಿ ಕಡೆ ನೋಡಿದರು. "ಆದ್ರೂ ಬಂದು ನಿಂತ್ರು. ನಾನೂ ಏನೂ ಕೇಳಲಿಲ್ಲ. ಬಟನ್ ಹಾಕಿ ಕಳಿಸ್ದೆ."